ಫಿರೋಜಾ ಹಾಕಿಸಿದ ಓಟು

ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ಹಾಗೆಂದವರು ಬಾಬಯ್ಯನ ಗಲ್ಲಿಯ ಫಿರೋಜಾಳನ್ನು ನೋಡಿರಲಿಲ್ಲ. ಅವಳ ಮುಂದೆ ಹಾವು ಪಾಪದ್ದು, ಹನ್ನೆರಡು ತುಂಬಿದ ಮೇಲೆ ಹುತ್ತ ಸೇರಿಕೊಳ್ಳುತ್ತದೆ. ಫಿರೋಜಾ ಮದರಸಾದಲ್ಲಿ ತನ್ನ ಜಡೆ ಎಳೆದವನ ಮಗನ ಮದುವೆಗೂ ಹೋಗದವಳು. ಬಿರಿಯಾನಿ ಮನೆಗೇ ಬಂದಾಗ ಅದನ್ನು ಹಾಗೇ ಎದುರುಮನೆಗೆ ದಾಟಿಸಿದವಳು.

ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಮನೆಗಳೇ ತುಂಬಿರುವ ಗಲ್ಲಿ ಅದು. ಬೆಳಗ್ಗೆ ಗಂಡ ಇಮಾಮ್ ಸಾಬ್ ಗೂಡಿನ ಮಾರುಕಟ್ಟೆಗೆ ಹೋಗಿ ಹರಾಜು ಕೂಗಿ ಗೂಡು ತರುತ್ತಿದ್ದ. ಫಿರೋಜಾ ಅದನ್ನು ಕುದಿನೀರಿಗೆ ಹಾಕಿ, ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ರಾಟೆಗೆ ಹಚ್ಚುತ್ತಿದ್ದಳು. ಗೂಡನ್ನು ಎಲ್ಲೆಂದರಲ್ಲಿ ಹಿಡಿದು ಜಗ್ಗಿದರೆ ಕೈಗೆ ಚಿಂದಿ ಬರುತ್ತದೆ. ತುದಿ ಸಿಕ್ಕಿತೋ, ಒಂದೇ ಎಳೆ ಒಳಗಿನ ಹುಳುವಿನ ತನಕ ಬಿಚ್ಚಿಕೊಂಡು ಬರುತ್ತದೆ. ಸಿಟ್ಟು ಬಂದವರೆಲ್ಲ ಜಗ್ಗುತ್ತಾರೆ. ಫಿರೋಜಾ ಜಗ್ಗುವವಳಲ್ಲ, ಬೆರಳು ಸುಟ್ಟರೂ ತುದಿ ಸಿಗುವ ತನಕ ಕಾಯುವವಳು. ಅವಳು ಹಾಗೆ ಕಾದದ್ದು ಹನುಮಂತಯ್ಯನಿಗಾಗಿ.

ಹನುಮಂತಯ್ಯ ಆ ವಾರ್ಡಿನ ಮೆಂಬರ್. ಮೈಸೂರು ರಸ್ತೆ ಅಗಲವಾಗಿ, ಬಿಡದಿಯ ಕಡೆಯಿಂದ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಊರಿನತ್ತ ಬರುತ್ತಿದ್ದ ಕಾಲ. ಕಾರ್ಖಾನೆಗೆ ನೀರು ಬೇಕು. ಗಲ್ಲಿಯ ಹಿಂದೆ ಹುಣಸೆಮರದ ಹತ್ತಿರ ಸಿಹಿನೀರಿನ ಒಂದು ಬೋರಿತ್ತು. ಗಲ್ಲಿಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಬೇಸಿನ್‌ಗಳೆಲ್ಲ ನಡೆಯುತ್ತಿದ್ದದ್ದು ಆ ನೀರಿನ ಮೇಲೆ. ಹನುಮಂತಯ್ಯ ಅದಕ್ಕೆ ಟ್ಯಾಂಕರ್ ಹಚ್ಚಿಸಿದ. ಟ್ಯಾಂಕರು ಅವನ ಅಣ್ಣನ ಮಗನದು. ಗಲ್ಲಿಯವರು ಬಾಯಿ ಮಾಡದಿರಲಿ ಎಂದು ಗಲ್ಲಿಯ ಆ ತುದಿಯಲ್ಲಿ ಇನ್ನೊಂದು ಬೋರು ಕೊರೆಸಿಕೊಟ್ಟ; ಅದರಲ್ಲಿ ಬಂದದ್ದು ಉಪ್ಪುನೀರು. ಉಪ್ಪುನೀರಿನಲ್ಲಿ ಗೂಡು ಹದವಾಗಿ ಬೇಯುವುದಿಲ್ಲ, ಎಳೆ ಮತ್ತೆ ಮತ್ತೆ ಹರಿಯುತ್ತದೆ, ನೂಲು ಮಂಕಾಗುತ್ತದೆ. ಮಂಕು ನೂಲನ್ನು ವ್ಯಾಪಾರಿ ಎರಡು ಬೆರಳಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದು ಹಾಗೇ ಕೆಳಗಿಡುತ್ತಾನೆ.

ಇದನ್ನು ಹೇಳಲೆಂದೇ ಫಿರೋಜಾ ವಾರ್ಡಿನ ಸಭೆಗೆ ಹೋಗಿದ್ದಳು. ಸ್ಕೂಲಿನ ಅಂಗಳ, ಮೈಕು, ಪ್ಲಾಸ್ಟಿಕ್ ಕುರ್ಚಿ. ಹೆಂಗಸೊಬ್ಬಳು ಎದ್ದು ನಿಂತದ್ದೇ ಜನಕ್ಕೆ ತಮಾಷೆ. ಅವಳು ನೀರಿನ ಕಥೆಯನ್ನು ಒಂದೂ ಬಿಡದೆ ಹೇಳಿ ಮುಗಿಸಿದಳು. ಹನುಮಂತಯ್ಯ ಮೈಕನ್ನು ಎಳೆದುಕೊಂಡ.

"ಅಲ್ಲ ಕಣಮ್ಮ, ನಿಮ್ ಗಲ್ಲಿ ನಾತಕ್ಕೆ ಸಿಹಿನೀರಾದ್ರೇನು, ಉಪ್ಪುನೀರಾದ್ರೇನು? ಪನ್ನೀರು ಬುಟ್ರೂ ಹೋಗಾಕಿಲ್ಲ ಅದು!"

ಬೇಯಿಸಿದ ಹುಳುವಿನ ವಾಸನೆ ಗಲ್ಲಿಯಲ್ಲಿ ಇರುವುದು ಸುಳ್ಳಲ್ಲ. ಆ ವಾಸನೆಯಲ್ಲೇ ಹುಟ್ಟಿ, ಆ ವಾಸನೆಯಲ್ಲೇ ಊಟ ಮಾಡಿ, ಆ ವಾಸನೆಯ ದುಡಿಮೆಯಿಂದಲೇ ಊರಿಗೆ ರೇಷ್ಮೆಯ ಹೆಸರು ತಂದ ಜನ ಅವರು. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಮೇಲಿನ ಬೀದಿಯವರು ನಕ್ಕರು, ಸರಿ. ಗಲ್ಲಿಯವರೂ ನಕ್ಕರು. ಪಕ್ಕದಲ್ಲಿ ಕೂತಿದ್ದ ಇಮಾಮ್ ಸಾಬ್, ದೊಡ್ಡವರು ನಗೆಯಾಡಿದಾಗ ನಗದಿದ್ದರೆ ಮರ್ಯಾದೆಯಲ್ಲವೆಂಬಂತೆ, ಹಲ್ಲು ಬಿಟ್ಟ. ಫಿರೋಜಾ ಕೂತಳು. ಅವಳ ಕಿವಿ ಬಿಸಿಯಾಗಿತ್ತು. ಆ ಮನುಷ್ಯ ತನ್ನ ಕಣ್ಣೆದುರಿಗೇ ಜನರ ನಡುವೆ ಹೀಗೇ ನಗೆಗೇಡಾಗಬೇಕು, ಅಷ್ಟು ನೋಡಿ ಸತ್ತರೂ ಸರಿಯೆಂದು ಅವಳು ಅಂದೇ ನಿರ್ಧರಿಸಿದಳು.

ಬಾಬಯ್ಯನ ಗಲ್ಲಿಯ ಹೋರಾಟ ಹುಟ್ಟಿದ್ದು ಹೀಗೆ. ಹೊರಗಿನವರು ಬಂದು ಬರೆದುಕೊಂಡು ಹೋಗುವಾಗ ಅದಕ್ಕೆ ಜನಾಂದೋಲನ, ಪ್ರಜಾಪ್ರಭುತ್ವ ಎಂಬ ದೊಡ್ಡ ಹೆಸರುಗಳನ್ನು ಇಟ್ಟರು. ಫಿರೋಜಾ ಬೇಡವೆನ್ನಲಿಲ್ಲ. ಅವಳಿಗೆ ಗೊತ್ತಾದ ಪ್ರಜಾಪ್ರಭುತ್ವವೆಂದರೆ ಅರ್ಜಿ ಕೊಡುವುದು, ಆ ಅರ್ಜಿ ಎಲ್ಲಿ ಹೋಯಿತೆಂದು ಕೇಳಲು ಇನ್ನೊಂದು ಅರ್ಜಿ ಕೊಡುವುದು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರೆ ಮೀಟಿಂಗ್ ಮುಗಿಯುವ ತನಕ ಬಾಗಿಲಲ್ಲೇ ಕೂತು ಬಟಾಣಿ ಸುಲಿಯುವುದು. ಬೇಸಿನ್ ಕೆಲಸ ಮುಗಿಸಿ, ಒಲೆಯ ಮೇಲೆ ಸಾರಿಟ್ಟು, ಗಲ್ಲಿಯ ಹೆಂಗಸರನ್ನು ಕರೆದುಕೊಂಡು ಹೋಗಿ ಟ್ಯಾಂಕರಿನ ಮುಂದೆ ನಿಲ್ಲುತ್ತಿದ್ದಳು. ರಂಜಾನಿನಲ್ಲಿ ರೋಜಾ ಇದ್ದುಕೊಂಡೇ ಧರಣಿ ಕೂತಳು. ಪೊಲೀಸಿನವರು ಎಬ್ಬಿಸಲು ಬಂದಾಗ, "ಇಫ್ತಾರ್ ಆಗೋಗಂಟ ಏಳಾಕಿಲ್ಲ, ಖರ್ಜೂರ ತಂದಿದ್ರೆ ಕೊಡಿ" ಎಂದಳು. ಪಕ್ಕದ ಮನೆಯ ಅಖ್ತರಿ ಎಲ್ಲಕ್ಕೂ ಅವಳ ಬಲಗೈ. ಅಖ್ತರಿಯ ಗಂಟಲು ದೊಡ್ಡದು. ಘೋಷಣೆ ಕೂಗಿದರೆ ಮಾರುಕಟ್ಟೆಯ ಹರಾಜೇ ಒಂದು ಗಳಿಗೆ ನಿಲ್ಲುತ್ತಿತ್ತು.

ಟ್ಯಾಂಕರ್ ಮಾತ್ರ ನಿಲ್ಲಲಿಲ್ಲ. ಬೋರನ್ನು ಟ್ಯಾಂಕರಿಗೆ ಕೊಟ್ಟದ್ದು ನಗರಸಭೆಯ ಕೌನ್ಸಿಲಿನ ಒಪ್ಪಿಗೆಯ ಮೇಲೆ. ಒಂದು ವಾರ್ಡಿನ ವಿಷಯಕ್ಕೆ ಆ ವಾರ್ಡಿನ ಮೆಂಬರು ಹೂಂ ಎಂದರೆ ಮಿಕ್ಕವರೆಲ್ಲ ಹೂಂ ಎನ್ನುವುದು ಅಲ್ಲಿಯ ಪದ್ಧತಿ. ನಾಳೆ ತಮ್ಮ ವಾರ್ಡಿನ ವಿಷಯ ಬಂದಾಗ ಅವನೂ ಹೂಂ ಎನ್ನಬೇಕಲ್ಲ! ಅಂದರೆ ಹನುಮಂತಯ್ಯನ ನಾಲಗೆ ಆ ಕುರ್ಚಿಯಲ್ಲಿ ಇರುವ ತನಕ ಸಿಹಿನೀರು ಗಲ್ಲಿಗಿಲ್ಲ.

ಊರು ಜಿಲ್ಲೆಯಾದ ವರ್ಷವೇ ಚುನಾವಣೆಯೂ ಬಂತು. ವಾರ್ಡಿನ ಮೀಸಲಾತಿ ತಿರುಗಿ ಈ ಸಲ ಹೆಂಗಸರಿಗೆ ಬಿತ್ತು. ಗಲ್ಲಿಯಲ್ಲಿ ಪಟಾಕಿ ಹೊಡೆದರು. ಹನುಮಂತಯ್ಯ ನಿಲ್ಲುವಂತಿಲ್ಲ! ಫಿರೋಜಾ ಮಾತ್ರ ಪಟಾಕಿಯ ಸದ್ದಿಗೆ ಬೈದುಕೊಂಡು ಒಳಗೆ ಹೋದಳು. ಮಚ್ಚು ಮಸೆದು ಇಟ್ಟುಕೊಂಡ ಹೊತ್ತಿಗೆ ಕುರಿಯೇ ಹಟ್ಟಿ ಬಿಟ್ಟು ಹೋದರೆ ಯಾರಿಗೆ ಸಂತೋಷ? ಸಂಜೆಯ ಹೊತ್ತಿಗೆ ಸಮಾಧಾನವಾಯಿತು. ಹನುಮಂತಯ್ಯ ತನ್ನ ಹೆಂಡತಿ ರಾಧಾಮಣಿಯನ್ನು ನಿಲ್ಲಿಸುತ್ತಾನಂತೆ. "ನಮ್ಮನೆಯವಳು ಸೈನ್ ಹಾಕ್ತಾಳೆ, ಕೆಲ್ಸ ನಾನು ಮಾಡ್ತೀನಿ, ನಿಮ್ಗೇನು ಯತ್ಯಾಸ?" ಎಂದು ಟೀ ಅಂಗಡಿಯಲ್ಲಿ ಹೇಳಿದನಂತೆ.

ಬಾಬಯ್ಯನ ಗಲ್ಲಿಯಲ್ಲಿ ಓಟು ಒಬ್ಬೊಬ್ಬರದಲ್ಲ. ಹಿರಿಯರು ಮಸೀದಿಯ ಅಂಗಳದಲ್ಲಿ ಕೂತು ಒಂದು ಹೆಸರು ಹೇಳುತ್ತಾರೆ, ಗಲ್ಲಿ ಪೂರ್ತಿ ಅದಕ್ಕೇ ಹಾಕುತ್ತದೆ. ಗಲ್ಲಿಯ ಮಾತು ಒಂದೇ ಎನ್ನುವುದು ಅವರ ಹೆಮ್ಮೆ. ಆ ಸಲ ಹಿರಿಯರು ಹೇಳಿದ ಹೆಸರು ಫಿರೋಜಾ. ಒಂದು ಹೆಂಗಸಿನ ಹೆಸರು ಅಲ್ಲಿ ಬಂದದ್ದು ಅದೇ ಮೊದಲು. ಇಮಾಮ್ ಸಾಬ್ ಮನೆಗೆ ಓಡಿಬಂದು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಯಾವುದಕ್ಕೂ ಇರಲಿ ಎಂದು ಅಖ್ತರಿಯ ಸೊಸೆ ಮುನವ್ವರಾಳಿಂದಲೂ ಒಂದು ನಾಮಪತ್ರ ಹಾಕಿಸಿದರು. ಫಿರೋಜಾಳದು ಯಾವುದೋ ತಪ್ಪಿಗೆ ಬಿದ್ದುಹೋದರೆ ಬದಲಿಗೆ ಒಬ್ಬರು ಬೇಕಲ್ಲ.

ನಾಮಪತ್ರ ಹಿಂದಕ್ಕೆ ತೆಗೆದುಕೊಳ್ಳುವ ದಿನದ ಹಿಂದಿನ ದಿನ ರಾಧಾಮಣಿ ಗಲ್ಲಿಗೆ ಬಂದಳು. ಜೊತೆಯಲ್ಲಿ ಹತ್ತಾರು ಹೆಂಗಸರು, ಎಲ್ಲರ ಸೆರಗೂ ಮೂಗಿನ ಮೇಲೆ. ಫಿರೋಜಾಳ ಮನೆಯ ಮುಂದೆ ನಿಂತು ರಾಧಾಮಣಿ, "ಕಾಲು ನೋಯ್ತದೆ, ನೀವು ಮುಂದ್ಲ ಮನೆ ನೋಡಿ, ನಾನು ಒಸಿ ಕುಂತು ಬತ್ತೀನಿ" ಎಂದು ಅವರನ್ನು ಸಾಗಹಾಕಿ ಒಳಗೆ ಬಂದಳು. ಬಂದವಳು ಜಗುಲಿಯಲ್ಲಿ ಕೂರದೆ ನೇರವಾಗಿ ಬೇಸಿನ್ನಿನ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ತೆಳ್ಳಗಿನ ಹೆಂಗಸು. ಕೊರಳ ತುಂಬ ಚಿನ್ನವಿತ್ತು, ಮುಖದಲ್ಲಿ ಕಳೆಯಿರಲಿಲ್ಲ.

"ಮೂಗು ಮುಚ್ಕಳಿ ಅಮ್ಮೋರೆ," ಎಂದಳು ಫಿರೋಜಾ, ರಾಟೆ ನಿಲ್ಲಿಸದೆ.

"ನಾನು ಬೈರಮಂಗಲದ ಕಡೆಯೋಳು. ನಮ್ಮವ್ವ ಹುಳ ಸಾಕ್ತಿದ್ಲು. ಈ ವಾಸ್ನೆ ನಂಗೇನೂ ಹೊಸದಲ್ಲ."

"ಓಟು ಕೇಳಕ್ ಬಂದೋರ್ಗೆ ಯಾವ ವಾಸ್ನೇನೂ ಹೊಸದಲ್ಲ ಬುಡಿ."

ರಾಧಾಮಣಿ ನಗಲಿಲ್ಲ. ಕುದಿನೀರಿಗೆ ಬೆರಳದ್ದಿ ಒಂದು ಗೂಡೆತ್ತಿ ತಿರುಗಿಸಿ ನೋಡಿ ಮತ್ತೆ ಬಿಟ್ಟಳು. "ನೀವು ನಾಮಪತ್ರ ವಾಪಸ್ ತಗೋಬೇಕು ಫಿರೋಜಕ್ಕ."

"ಓಹೋ. ಯಜಮಾನ್ರು ಎಷ್ಟಕ್ಕೆ ಮಾತಾಡ್ಕಂಡು ಬಾ ಅಂದವ್ರೆ?"

"ಅವರು ಓಟು ಕೇಳಕ್ಕೆ ಕಳ್ಸವ್ರೆ. ಇದ್ನ ಕೇಳ್ತಿರೋದು ನಾನು."

ಆಮೇಲೆ ಅವಳು ತನ್ನ ಕಥೆ ಹೇಳಿದಳು. ಮದುವೆಯಲ್ಲಿ ಅವಳ ಅಪ್ಪ ಅರಿಶಿನ-ಕುಂಕುಮಕ್ಕೆ ಎಂದು ಹಿಪ್ಪುನೇರಳೆಯ ಒಂದು ತೋಟ ಕೊಟ್ಟಿದ್ದ. ಅವಳ ಹೆಸರಿನಲ್ಲಿ ಈ ಲೋಕದಲ್ಲಿದ್ದದ್ದು ಅದೊಂದೇ. ಹನುಮಂತಯ್ಯ ಅವಳಿಗೆ ಸೈನ್ ಹಾಕುವುದನ್ನು ಕಲಿಸಿದ, ಪಂಪ್‌ಸೆಟ್ಟಿನ ಕಾಗದವೆಂದು ಹೇಳಿ ಸೈನ್ ಹಾಕಿಸಿಕೊಂಡ, ತೋಟವನ್ನು ಕಾರ್ಖಾನೆಯವರಿಗೆ ಮಾರಿಬಿಟ್ಟ. ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಅವಳಿಗೆ ತೋಟದ ಬದಲು ಕಾಂಪೌಂಡ್ ಗೋಡೆ ಕಂಡಿತು.

"ನನ್ ತೋಟದೊಳಿಕ್ಕೆ ನಾನು ಹೋಗಕ್ಕೆ ವಾಚ್‌ಮನ್ನು ಹೆಸರು ಕೇಳ್ದ. ನಮ್ಮವ್ವ ಆ ಗೋಡೆ ನೋಡಿ ನೋಡಿನೇ ಸತ್ಲು. ಯಾಕಿಂಗೆ ಮಾಡುದ್ರಿ ಅಂತ ಒಂದಪ ಕೇಳ್ದೆ." ರಾಧಾಮಣಿ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಮುಂಗೈಯ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. "ಆಮೇಕೆ ಕೇಳ್ಲಿಲ್ಲ."

ಫಿರೋಜಾ ರಾಟೆ ನಿಲ್ಲಿಸಿದಳು.

"ನೀವು ಗೆದ್ರೆ ಏನಾಯ್ತದೆ? ಅವ್ರು ಸೋತ್ರು ಅಂತಾಯ್ತದೆ. ಸೋತ ಗಂಡ್ಸು ಮೀಸೆ ತಿರುವ್ಕಂಡು ಮುಂದ್ಲ ಎಲೆಕ್ಷನ್‌ಗೆ ಬತ್ತಾನೆ. ನಾನು ಗೆದ್ರೆ ತಾವೇ ಗೆದ್ದಂಗೆ ಅನ್ಕಂಡು ಸಭೆಗೆ ಬಂದು ನನ್ನ ಹಿಂದೆ ಕುಂತ್ಕೋತಾರೆ. ಅಲ್ಲಿ ಐತೆ ಅವ್ರಿಗೆ, ಎಲ್ರ ಮುಂದೆ ನಾನೇ ಎಬ್ಬಿಸಿ ಆಚೆಗೆ ಕಳಿಸ್ತೀನಿ." ಅವಳ ದನಿ ಮೇಲೇರಲಿಲ್ಲ. "ಮೊದಲ್ನೇ ಸಭೇಲೇ ನಿಮ್ ನೀರು ನಿಮ್ಗೆ. ಕಬ್ಬಾಳಮ್ಮನ ಮೇಲಾಣೆ. ಆದ್ರೆ ಇದು ನಮ್ಮಿಬ್ರಲ್ಲೇ ಇರ್ಬೇಕು. ಗೆದ್ದ ಮೇಲೂ, ನೀರು ಬಂದ ಮೇಲೂ. ಸಂಜೆ ಆದ್ರೆ ನಾನು ಆ ಮನೆಗೇ ಹೋಗ್ಬೇಕು."

ನಿಜ ಹೇಳಬೇಕೆಂದರೆ ಫಿರೋಜಾ ನಿಂತಿದ್ದರೂ ಗೆಲ್ಲುತ್ತಿದ್ದಳೇನೋ. ಗಲ್ಲಿಯ ಓಟು ಪೂರ್ತಿ ಅವಳದು. ಮೇಲಿನ ಬೀದಿಯಲ್ಲೂ ಹನುಮಂತಯ್ಯನ ಮೇಲೆ ಬೇಸರ ಪಟ್ಟವರಿದ್ದರು. ಗೆದ್ದು ತಾನೇ ಸಭೆಯಲ್ಲಿ ಎದ್ದು ನಿಂತು ನೀರು ಬಿಡಿಸಬಹುದಿತ್ತು. ಹೋರಾಟ ಮಾಡಿದವರಿಗೆ ಅದೇ ನೇರ ದಾರಿ. ನೆಟ್ಟಗೆ ಯೋಚಿಸುವವರು ಅದನ್ನೇ ಹಿಡಿಯುತ್ತಿದ್ದರು. ಆದರೆ ಫಿರೋಜಾಳ ಕಣ್ಣಿಗೆ ಆಗ ಕಂಡದ್ದು ನೀರಲ್ಲ, ನ್ಯಾಯವೂ ಅಲ್ಲ. ತುಂಬಿದ ಸಭೆಯಲ್ಲಿ ಸ್ವಂತ ಹೆಂಡತಿಯ ಬಾಯಿಂದ ಎಬ್ಬಿಸಿಕೊಂಡು ಹೊರಗೆ ಹೋಗುವ ಹನುಮಂತಯ್ಯನ ಮುಖ. ಅದನ್ನು ನೆನೆದೇ ಅವಳ ಹೊಟ್ಟೆ ತಣ್ಣಗಾಯಿತು. ಕಾದಿದ್ದ ತುದಿ ತಾನಾಗಿ ಬೆರಳಿಗೆ ಬಂದಿತ್ತು.

"ಅಲ್ಲಾನಾಣೆ, ಸತ್ರೂ ಬಾಯಿ ಬುಡಾಕಿಲ್ಲ," ಎಂದು ಅವಳು ರಾಧಾಮಣಿಯ ಸೊಟ್ಟ ಕೈಯ ಮೇಲೆ ಕೈಯಿಟ್ಟಳು.

ಮರುದಿನ ಫಿರೋಜಾ ನಾಮಪತ್ರ ವಾಪಸ್ ತೆಗೆದುಕೊಂಡಳು. ಗಲ್ಲಿಗೆ ಸಿಡಿಲು ಹೊಡೆದಂತಾಯಿತು. ಹಿರಿಯರು ಕರೆಸಿ ಕೇಳಿದರೆ, "ನನ್ನಿಷ್ಟ" ಎಂದಳು. ಅವರು ಮುನವ್ವರಾಳ ಹೆಸರು ಹೇಳಿ ಎದ್ದುಹೋದರು. ಇಮಾಮ್ ಸಾಬ್ ಅನ್ನ ಬಿಟ್ಟು ಕೂತ. "ನಂಗಾದ್ರೂ ಹೇಳು, ಯಾಕೆ?" ಎಂದು ಉರ್ದುವಿನಲ್ಲಿ ಅಂಗಲಾಚಿದ. ಹೇಳಬಹುದಿತ್ತು. ಆದರೆ ಇಮಾಮ್ ಸಾಬನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅದಲ್ಲದೆ ಅವನ ಮುಖ ಕಂಡಾಗೆಲ್ಲ ಅವಳಿಗೆ ಸ್ಕೂಲಿನ ಅಂಗಳದಲ್ಲಿ ಕಂಡ ಹಲ್ಲು ನೆನಪಾಗುತ್ತಿತ್ತು. ಉರಿಯಲಿ, ಇವನೂ ಸ್ವಲ್ಪ ಉರಿಯಲಿ ಎಂದುಕೊಂಡು ಅವಳು ಮಗ್ಗುಲು ಬದಲಿಸಿ ಮಲಗಿದಳು.

ಅಷ್ಟಕ್ಕೇ ಬಿಡಲಿಲ್ಲ. ರಾಧಾಮಣಿ ಗೆಲ್ಲಲೇಬೇಕು. ಫಿರೋಜಾ ಹನುಮಂತಯ್ಯನ ಮನೆಯಿಂದ ಬಂದ ಸೀರೆ ಉಟ್ಟುಕೊಂಡು ಹಗಲುಹೊತ್ತಿನಲ್ಲೇ ಪ್ರಚಾರಕ್ಕೆ ಇಳಿದಳು. ಕದ್ದು ಮಾಡಿದ್ದರೆ ಅನುಮಾನ ಬರುತ್ತಿತ್ತು, ರಾಜಾರೋಷವಾಗಿ ಮಾಡಿದ್ದರಿಂದ ದುಡ್ಡು ತಿಂದಳು ಎಂದಷ್ಟೇ ಆಯಿತು. ಬೇಸಿನ್ ಕೆಲಸಕ್ಕೆ ಹೊರಗಿನಿಂದ ಬರುತ್ತಿದ್ದ ಹೆಂಗಸರು, ಮೇಲಿನ ಬೀದಿಯಲ್ಲಿ ಮನೆಗೆಲಸ ಮಾಡುವವರು, ಹಂಚಿನ ಕೇರಿಯವರು, ಇವರೆಲ್ಲರಿಗೂ ಅವಳ ಮೇಲೆ ಗೌರವವಿತ್ತು. ಧರಣಿಯಲ್ಲಿ ಗಳಿಸಿದ ಆ ಗೌರವವನ್ನೆಲ್ಲ ಅವಳು ಹನುಮಂತಯ್ಯನ ಹೆಂಡತಿಗೆ ಓಟಾಗಿ ಸುರಿದಳು. "ಯಾಕಕ್ಕ ಇಂಗೆ?" ಎಂದವರಿಗೆ, "ನನ್ ಮಕ ನೋಡಿ ಹಾಕಿ, ಯಾಕೆ ಅಂತ ಕೇಳ್ಬ್ಯಾಡಿ" ಎಂದಳು. ಗಲ್ಲಿಯ ಮಾತು ಒಂದೇ ಎಂಬುದನ್ನು ಮೊದಲ ಸಲ ಮುರಿದವಳು ಅವಳೇ.

ಹನುಮಂತಯ್ಯನಿಗೆ ಆನಂದವೋ ಆನಂದ. ಜೀಪಿನ ಮೇಲೆ ನಿಂತು, "ನೀರು ನೀರು ಅಂತ ಬಾಯ್ ಬಡ್ಕಂತಿದ್ದೋಳೆ ಇವತ್ತು ನಮ್ ಜೊತೆ ಅವ್ಳೆ!" ಎಂದು ಕೂಗಿದ. ಫಿರೋಜಾ ತಲೆ ತಗ್ಗಿಸಿ ನಿಂತಳು. ಒಳಗೊಳಗೇ, ಕೂಗು, ಇನ್ನೂ ಜೋರಾಗಿ ಕೂಗು, ಎತ್ತರಕ್ಕೆ ಹತ್ತಿದಷ್ಟೂ ಬೀಳುವುದು ಚೆನ್ನಾಗಿರುತ್ತದೆ ಎಂದುಕೊಂಡಳು.

ಮುನವ್ವರಾ ಸ್ವಲ್ಪದರಲ್ಲಿ ಸೋತಳು. ಎಣಿಕೆಯ ದಿನ ಅಖ್ತರಿ ಗಲ್ಲಿಯ ಬಾಯಲ್ಲಿ ನಿಂತು ಫಿರೋಜಾಳಿಗಾಗಿ ಕಾದಿದ್ದಳು. ಬೈಯಲಿಲ್ಲ. ಘೋಷಣೆ ಕೂಗುತ್ತಿದ್ದ ಆ ಗಂಟಲಿನಿಂದ ಮೆಲ್ಲಗೆ, "ನಿನ್ ಮಯ್ಯತ್ತಿಗೂ ನಾನು ಬರಾಕಿಲ್ಲ" ಎಂದಳು. ನಿನ್ನ ಹೆಣಕ್ಕೂ ಬರುವುದಿಲ್ಲ ಎಂಬ ಮಾತು ಗಲ್ಲಿಯಲ್ಲಿ ಬೈಗುಳಕ್ಕಿಂತ ದೊಡ್ಡದು. ಅಂದಿನಿಂದ ಯಾರೂ ಫಿರೋಜಾಳ ಮನೆಯ ಮೆಟ್ಟಿಲು ಹತ್ತಲಿಲ್ಲ. ಇಮಾಮ್ ಸಾಬ್ ಮಾರುಕಟ್ಟೆಯಲ್ಲಿ ಕೂಗಿದರೆ ಗಲ್ಲಿಯವರೇ ಮೇಲೆ ಕೂಗಿ ಗೂಡು ಎತ್ತಿಕೊಳ್ಳುತ್ತಿದ್ದರು. ಫಿರೋಜಾ ಹಲ್ಲು ಕಚ್ಚಿ ಮೊದಲ ಸಭೆಯ ದಿನಕ್ಕಾಗಿ ಕಾದಳು. ಆಮೇಲೆ ಎಲ್ಲ ಸರಿಹೋಗುತ್ತದೆ, ನೀರು ಬಂದ ಮೇಲೆ ಯಾರಾದರೂ ಊಹಿಸದೆ ಇರುತ್ತಾರೆಯೇ ಎಂಬುದೊಂದು ಆಸೆ ಅವಳಿಗಿತ್ತು.

ಸಭೆಯ ದಿನ ಗಲ್ಲಿಯ ಹೆಂಗಸರು ಖಾಲಿ ಕೊಡ ಹಿಡಿದು ನಗರಸಭೆಯ ಕಟ್ಟಡದ ವರಾಂಡಕ್ಕೆ ಬಂದು ಕೂತಿದ್ದರು. ಅಖ್ತರಿ ಮುಂದೆ. ಫಿರೋಜಾ ಒಬ್ಬಳೇ ಬಂದು ಕಿಟಕಿಯ ಪಕ್ಕದಲ್ಲಿ ನಿಂತಳು. ಅವಳು ಬಂದದ್ದೇ ಪಕ್ಕದಲ್ಲಿದ್ದವರು ಕೊಡ ಎತ್ತಿಕೊಂಡು ಆಚೆ ಸರಿದರು.

ಒಳಗೆ ಮೆಂಬರುಗಳು ಕೂತಿದ್ದರು. ಹೆಂಗಸು ಮೆಂಬರುಗಳ ಬೆನ್ನಿಗೆ ಒಂದೊಂದು ಕುರ್ಚಿಯಲ್ಲಿ ಅವರವರ ಗಂಡಂದಿರು. ಹನುಮಂತಯ್ಯ ಗರಿಗರಿ ಬಿಳಿ ಅಂಗಿ ತೊಟ್ಟು, ಕಾಲ ಮೇಲೆ ಕಾಲು ಹಾಕಿ, ರಾಧಾಮಣಿಯ ಹಿಂದೆ ಕೂತು ಮೊಬೈಲಿನಲ್ಲಿ ಮಾತಾಡುತ್ತಿದ್ದ. ಜವಾನ ದಾಸಪ್ಪ ಎಲ್ಲರಿಗಿಂತ ಮೊದಲು ಅವನಿಗೇ ಟೀ ಕೊಟ್ಟ. ಅಧಿಕಾರಿ ವಿಷಯಗಳನ್ನು ಓದುತ್ತ ಬಂದು ಸಿಹಿನೀರಿನ ಬೋರಿಗೆ ಬಂದರು. ಟ್ಯಾಂಕರಿಗೆ ಕೊಟ್ಟಿದ್ದನ್ನು ಮುಂದುವರಿಸಬಹುದೇ?

"ಒಪ್ಪಿಗೆ ಬರ್ಕಳಿ," ಎಂದ ಹನುಮಂತಯ್ಯ, ಕಿವಿಯಿಂದ ಮೊಬೈಲು ತೆಗೆಯದೆ.

ರಾಧಾಮಣಿ ಎದ್ದು ನಿಂತಳು. ಅವಳ ಸೆರಗು ನಡುಗುತ್ತಿದ್ದದ್ದು ಕಿಟಕಿಯಾಚೆಗೂ ಕಾಣುತ್ತಿತ್ತು.

"ಸಾರ್, ಮೆಂಬರ್ ನಾನು."

"ಕುಂತ್ಕೊಳೇ," ಎಂದ ಹನುಮಂತಯ್ಯ, ಸಲಿಗೆಯಿಂದ.

"ಮೆಂಬರ್ ಅಲ್ದೋರು ಸಭೇಲಿ ಕೂರಂಗಿಲ್ಲ ಅಂತ ರೂಲ್ಸ್ ಐತೆ ಅಂತ ನೀವೇ ಹೇಳಿದ್ರಿ ಸಾರ್. ಆಚೆ ಪೇಪರ್‌ನೋರು ಅವ್ರೆ. ನಮ್ ಯಜಮಾನ್ರ ಹೆಸ್ರಿಗೆ ಕೆಟ್ಟ ಮಾತು ಬರಬಾರ್ದು. ಅವ್ರನ್ನ ಆಚೆ ಕೂರ್ಸಿ."

ಹನುಮಂತಯ್ಯ ಮೊದಲು ನಕ್ಕ. ಇದು ತಮಾಷೆ ಎಂದುಕೊಂಡು ಅತ್ತ ಇತ್ತ ನೋಡಿದ. ಯಾರೂ ನಗಲಿಲ್ಲ. ಮಿಕ್ಕ ಗಂಡಂದಿರು ಫ್ಯಾನಿನ ರೆಕ್ಕೆ ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು. ಅಧಿಕಾರಿಗೆ ಬಹಳ ದಿನದಿಂದ ಅದೇ ಬೇಕಾಗಿತ್ತೋ ಏನೋ, ದಾಸಪ್ಪನ ಕಡೆ ಕಣ್ಣು ಮಾಡಿದರು. ದಾಸಪ್ಪ ಹೋಗಿ ಬಾಗಿಲು ತೆಗೆದು ಹಿಡಿದುಕೊಂಡು, "ಅಣ್ಣ, ಟೀ ಆಚೆಗೇ ತತ್ತೀನಿ ಬನ್ನಿ" ಎಂದ. ಯಾರೋ ಒಬ್ಬರು ಕಿಸಕ್ಕೆಂದರು. ಆ ಒಂದು ಕಿಸಕ್ಕಿನಿಂದ ಸಭೆಯೇ ಕಟ್ಟೆಯೊಡೆದು ನಕ್ಕಿತು. ಹನುಮಂತಯ್ಯ ಎದ್ದ. ಕಾಲ ಮೇಲೆ ಕಾಲು ಹಾಕಿ ಕೂತಿದ್ದರಿಂದ ಒಂದು ಕಾಲು ಜೋಮು ಹಿಡಿದು, ಕುಂಟಿಕೊಂಡೇ ಬಾಗಿಲ ತನಕ ನಡೆಯಬೇಕಾಯಿತು.

ಫಿರೋಜಾ ಕಿಟಕಿಯ ಸರಳು ಹಿಡಿದು ಅದನ್ನು ಕಣ್ಣು ಮಿಟುಕಿಸದೆ ಕುಡಿದಳು. ಕಪ್ಪಿಟ್ಟ ಅವನ ಮುಖ, ಬೆವರಿ ಬೆನ್ನಿಗೆ ಅಂಟಿದ ಅಂಗಿ, ಆ ಕುಂಟು. ಹೆಜ್ಜೆ ಹೆಜ್ಜೆಯೂ ಅವಳಿಗೆ ಸಕ್ಕರೆಯಾಗಿತ್ತು. ದೇವರೇ ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಆ ಬಾಗಿಲು ಎನಿಸಿತು.

"ಟ್ಯಾಂಕರ್ ಬ್ಯಾಡ. ಬೋರಿನ ನೀರು ಗಲ್ಲಿಗೆ ಬುಡಿ," ಎಂದು ಒಳಗಿನಿಂದ ರಾಧಾಮಣಿಯ ದನಿ ಬಂತು. ಪದ್ಧತಿಯ ಹಾಗೆ ಮಿಕ್ಕವರೆಲ್ಲ ಹೂಂ ಎಂದರು. ವರಾಂಡದಲ್ಲಿ ಅಖ್ತರಿ ಕೊಡ ಬಡಿದು ಕೂಗಿದಳು. ಹೆಂಗಸರೆಲ್ಲ ಕೊಡ ಬಡಿದರು.

ಹನುಮಂತಯ್ಯ ಆ ಸದ್ದಿನ ನಡುವೆ ಕಂಬ ಹಿಡಿದು ನಿಂತಿದ್ದ. ಅವನ ಕಣ್ಣು ಆಸರೆ ಹುಡುಕುವಂತೆ ಸುತ್ತಾಡಿ ಫಿರೋಜಾಳ ಮೇಲೆ ನಿಂತಿತು. ನೆಟ್ಟಗೆ ಅವಳ ಹತ್ತಿರ ಬಂದ. ಕೊಡದ ಸದ್ದು ಕಡಿಮೆಯಾಯಿತು, ಎಲ್ಲರಿಗೂ ಕೇಳಬೇಕಿತ್ತು.

"ನೋಡ್ದೇನಮ್ಮ ಫಿರೋಜಮ್ಮ? ನೋಡ್ದಾ ಅವ್ಳು ಮಾಡಿದ್ನ? ಅವ್ಳಿಗೆಲ್ಲಿಂದ ಬಂತು ಇಷ್ಟು ಬುದ್ಧಿ? ಯಾರೋ ಕಿವಿ ಊದವ್ರೆ. ಯಾರು ಅಂತ ಗೊತ್ತಾಗ್ಲಿ, ಇವತ್ತು ಮನೆಗೆ ಬರ್ಲಿ ಅವ್ಳು, ಬಾಯಿ ಬುಡುಸ್ತೀನಿ." ಅವನ ಕೈ ತಾನೇ ಮುಷ್ಟಿಯಾಯಿತು. ಆಮೇಲೆ ಆ ಮುಷ್ಟಿ ಬಿಚ್ಚಿ, ಎರಡೂ ಕೈ ಸೇರಿಸಿ ಅವಳ ಮುಂದೆ ಹಿಡಿದ. "ನೀನು ಹೇಳಿದ್ರೆ ಕೇಳ್ತಾಳೆ ಕಣಮ್ಮ. ಒಸಿ ಬುದ್ಧಿ ಹೇಳು. ನಮ್ಮನೆ ಸೀರೆ ಉಟ್ಟೋಳು ನೀನು, ಉಂಡ ಮನೆಗೆ ಎರಡು ಬಗೆಯೋಳಲ್ಲ. ಕೈ ಮುಗೀತೀನಿ."

ಅವನು ಕೈ ಮುಗಿದು ನಿಂತಿದ್ದ, ಗಲ್ಲಿಯ ಎದುರಿಗೇ. ಹೇಳಬೇಕಾದ ಮಾತು ಫಿರೋಜಾಳ ನಾಲಗೆಯ ತುದಿಯಲ್ಲಿತ್ತು. ಊದಿದವಳು ನಾನೇ. ನಿನ್ನ ಹೆಂಡತಿಯನ್ನು ಗೆಲ್ಲಿಸಿದ್ದು ನಾನೇ, ನಿನ್ನನ್ನು ಹೊರಗೆ ಹಾಕಿಸಿದ್ದು ನಾನೇ. ಇಷ್ಟು ಹೇಳಿದರೆ ಅವನ ಮುಖ ಇನ್ನೊಮ್ಮೆ ಕಪ್ಪಾಗುತ್ತಿತ್ತು. ಅಖ್ತರಿ ಓಡಿಬಂದು ಅಪ್ಪಿಕೊಳ್ಳುತ್ತಿದ್ದಳು. ಗಲ್ಲಿ ಅವಳನ್ನು ಹೊತ್ತು ಮೆರೆಸುತ್ತಿತ್ತು. ಆ ಮಾತಿಲ್ಲದೆ ಈ ಸೇಡು ಅವಳದೆಂದು ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಕಿಟಕಿಯೊಳಗೆ ರಾಧಾಮಣಿ ಕೂತಲ್ಲಿಂದಲೇ ಅವಳನ್ನು ನೋಡುತ್ತಿದ್ದಳು. ಕೈ ಮೇಜಿನ ಮೇಲಿತ್ತು, ಬಳೆ ಕೆಳಕ್ಕೆ ಸರಿದಿತ್ತು.

ಸುಮ್ಮನಿದ್ದರೆ ಸಾಲದು ಎಂಬುದು ಫಿರೋಜಾಳಿಗೆ ಆಗ ಹೊಳೆಯಿತು. ಸುಮ್ಮನಿದ್ದರೆ ಇವನು ಸಂಜೆ ಮನೆಗೆ ಹೋಗಿ ಬಾಯಿ ಬಿಡಿಸುತ್ತಾನೆ.

"ಯಾರೂ ಊದಿಲ್ಲ ಅಣ್ಣ," ಎಂದಳು. ದನಿ ತನ್ನದಲ್ಲವೆನಿಸಿತು. "ಅಮ್ಮೋರು ನಿಮ್ ಹೆಸ್ರು ಉಳ್ಸಕ್ಕೆ ಹಂಗಂದವ್ರೆ. ಈ ಕೊಡದೋರ ಗಲಾಟೆ ನೋಡಿ ಹೆದರ್ಕಂಡವ್ರೆ ಪಾಪ. ಅವ್ರಿಗೇನೂ ಅನ್ಬ್ಯಾಡಿ. ತಪ್ಪೆಲ್ಲ ನಮ್ ಗಲ್ಲಿಯೋರ್ದು. ನಮ್ ಜನನೇ ಸರಿ ಇಲ್ಲ ಅಣ್ಣ, ಎಷ್ಟು ಕೊಟ್ರೂ ಬಾಯಿ ಬಡ್ಕತಾವೆ."

ಹನುಮಂತಯ್ಯನ ಮುಷ್ಟಿ ಸಡಿಲವಾಯಿತು. ಹೆಸರು ಉಳಿಸಲು ಎಂಬ ಮಾತು ಅವನಿಗೆ ಹಿಡಿಸಿತು; ಅದನ್ನು ಊರಿಗೆ ಹೇಳಬಹುದು. "ಹಂಗಂತೀಯಾ?" ಎಂದ. "ನೀನೊಬ್ಳೇ ಕಣಮ್ಮ ಈ ಗಲ್ಲೀಲಿ ನಿಯತ್ತಿರೋಳು." ವರಾಂಡಕ್ಕೆಲ್ಲ ಕೇಳುವ ಹಾಗೆ ಹೇಳಿ ಮೆಟ್ಟಿಲಿಳಿದು ಹೋದ.

ಅಖ್ತರಿ ಕೊಡ ಎತ್ತಿ ಕಂಕುಳಿಗೆ ಇಟ್ಟುಕೊಂಡು ಫಿರೋಜಾಳ ಪಕ್ಕದಿಂದಲೇ ಹಾದುಹೋದಳು. ಗೆದ್ದ ಹೆಂಗಸರು ನಗುತ್ತ, ಕೂಗುತ್ತ ಅವಳ ಹಿಂದೆ ಹೊರಟರು.

"ಯಾ ಅಲ್ಲಾ," ಎಂದಳು ಅಖ್ತರಿ, ಯಾರನ್ನೂ ನೋಡದೆ. "ನಾವು ಹೋರಾಡಿ ತಂದ ನೀರು ಇವಳ ಮನೆ ನಲ್ಲಿಗೂ ಬರ್ತದಲ್ಲಾ, ಅದೊಂದೇ ನನ್ ಸಂಕಟ."